ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕಾಗ: ಬೇರುಸಹಿತ ತೆಗೆಯುವ ಕ್ರಮ

ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದ ಪೆನ್‌ಡ್ರೈವನ್ನು ಮನೆಯ ಕಂಪ್ಯೂಟರಿಗೆ ಹಾಕುತ್ತೀರಿ. ಫೋಲ್ಡರುಗಳೆಲ್ಲ ಇದ್ದ ಹಾಗೇ ಕಾಣುತ್ತವೆ, ಆದರೆ ಪ್ರತಿಯೊಂದರ ಮೂಲೆಯಲ್ಲೂ ಒಂದು ಪುಟ್ಟ ಬಾಣದ ಗುರುತು, ಅಂದರೆ ಅವು ಅಸಲಿ ಫೋಲ್ಡರಲ್ಲ, ಬರೀ ಶಾರ್ಟ್‌ಕಟ್. ಗಾತ್ರ ನೋಡಿದರೆ ಒಂದೋ ಎರಡೋ ಕೆಬಿ. ಕ್ಲಿಕ್ ಮಾಡಿದರೆ ಫೋಲ್ಡರ್ ಎಂದಿನಂತೆ ತೆರೆದುಕೊಳ್ಳುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಅಷ್ಟರಲ್ಲಿ ಹಿಂದುಗಡೆ ಒಂದು ಸ್ಕ್ರಿಪ್ಟ್ ಓಡಿ, ಕಂಪ್ಯೂಟರಿನೊಳಗೆ ತನ್ನದೊಂದು ಪ್ರತಿ ಇಟ್ಟು, ವಿಂಡೋಸ್ ಶುರುವಾದಾಗಲೆಲ್ಲ ತನ್ನನ್ನು ಎಬ್ಬಿಸುವ ಏರ್ಪಾಡು ಮಾಡಿಕೊಂಡಿರುತ್ತದೆ.

ಕೆಲಸ ಇರುವುದು ಈ ಏರ್ಪಾಡಿನಲ್ಲೇ. ‘ಆ್ಯಂಟಿವೈರಸ್ ಹಾಕಿ ಅಳಿಸಿದೆ, ಮರುದಿನ ಮತ್ತೆ ಬಂತು’ ಎನ್ನುವ ಕಡೆ ಸಾಮಾನ್ಯವಾಗಿ ಆಗಿರುವುದು ಇಷ್ಟೇ: ಫೈಲು ಹೋಗಿದೆ, ಅದನ್ನು ಎಬ್ಬಿಸುವ ಕೊಂಡಿ ಉಳಿದಿದೆ. ಆದ್ದರಿಂದ ಇಲ್ಲಿ ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಮಾಡಿ. ಎಲ್ಲವೂ ವಿಂಡೋಸ್ 10 ಮತ್ತು 11ಕ್ಕೆ ಹೊಂದುವಂಥದ್ದು.

ವೈರಸ್ಸೋ ಅಲ್ಲವೋ ಮೊದಲು ನೋಡಿ

ಕಂಪ್ಯೂಟರ್ ನಿಧಾನವಾದರೆ ವೈರಸ್ ಬಂದಿದೆ ಎಂದು ಅರ್ಥವಲ್ಲ. 4 ಜಿಬಿ ರ್‍ಯಾಮ್ ಮತ್ತು ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ವಿಂಡೋಸ್ ಅಪ್‌ಡೇಟ್ ನಡೆಯುತ್ತಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ತೋರಿಸುತ್ತಲೇ ಇರುತ್ತದೆ. ಅದಕ್ಕೆ ಮದ್ದು ತಿರುಗುವ ಭಾಗವಿಲ್ಲದ ವೇಗದ ಡಿಸ್ಕಾದ ಎಸ್‌ಎಸ್‌ಡಿ, ಆ್ಯಂಟಿವೈರಸ್ ಅಲ್ಲ.

ಪರದೆಯ ಬಲಗಡೆ ಕೆಳಗೆ ‘ನಿಮ್ಮ ಪಿಸಿಯಲ್ಲಿ 5 ವೈರಸ್ ಸಿಕ್ಕಿವೆ’ ಎಂದು ಪದೇಪದೇ ಬರುವ ಚೌಕವೂ ಹೆಚ್ಚಿನ ಸಲ ವೈರಸ್ಸಲ್ಲ. ಯಾವುದೋ ಸೈಟಿನಲ್ಲಿ ‘ಅಲೋ’ ಒತ್ತಿದ್ದರಿಂದ ಬರುತ್ತಿರುವ ಬ್ರೌಸರ್ ನೋಟಿಫಿಕೇಶನ್ ಅದು. ಚೌಕದಲ್ಲಿ ಕ್ರೋಮ್ ಅಥವಾ ಎಡ್ಜ್ ಹೆಸರು, ಕೆಳಗೆ ಸೈಟಿನ ವಿಳಾಸ ಇರುತ್ತದೆ. ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅಲ್ಲಿಂದ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಆ ವಿಳಾಸವನ್ನು ತೆಗೆದುಹಾಕಿದರೆ ಅಲ್ಲಿಗೆ ಮುಗಿಯಿತು. ಅಂಥ ಚೌಕದಲ್ಲಿ ಕೊಟ್ಟ ಫೋನ್ ನಂಬರಿಗೆ ಮಾತ್ರ ಯಾವ ಕಾರಣಕ್ಕೂ ಕರೆ ಮಾಡಬೇಡಿ. ರಿಪೇರಿ ನೆಪದಲ್ಲಿ ರಿಮೋಟ್ ಆ್ಯಪ್ ಹಾಕಿಸಿ ಹಣ ಎಗರಿಸುವ ದಂಧೆ ಅದು.

ನಿಜವಾದ ಲಕ್ಷಣಗಳು ಬೇರೆ. ವಿಂಡೋಸ್ ಸೆಕ್ಯುರಿಟಿ ತೆರೆಯುವುದೇ ಇಲ್ಲ, ಅಥವಾ ಅಡ್ಮಿನಿಸ್ಟ್ರೇಟರ್ ನಿಯಂತ್ರಣದಲ್ಲಿದೆ ಎಂದು ತೋರಿಸುತ್ತದೆ, ಮನೆಯ ಕಂಪ್ಯೂಟರಿಗೆ ಬೇರೆ ಅಡ್ಮಿನಿಸ್ಟ್ರೇಟರ್ ಎಲ್ಲಿಂದ ಬಂದ? ಆ್ಯಂಟಿವೈರಸ್ ಕಂಪನಿಗಳ ಸೈಟುಗಳು ಮಾತ್ರ ತೆರೆಯುವುದಿಲ್ಲ. ಹಾಕಿದ ಪೆನ್‌ಡ್ರೈವ್‌ಗಳೆಲ್ಲ ಶಾರ್ಟ್‌ಕಟ್ ಆಗುತ್ತವೆ. ಏನೂ ಕೆಲಸವಿಲ್ಲದಾಗ ಫ್ಯಾನ್ ಜೋರಾಗಿ ಓಡುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದ ತಕ್ಷಣ ಸುಮ್ಮನಾಗುತ್ತದೆ. ಈ ಕೊನೆಯದು, ನಿಮ್ಮ ಯಂತ್ರದ ಶಕ್ತಿ ಕದ್ದು ಡಿಜಿಟಲ್ ಹಣ ಗಳಿಸುವ ಕ್ರಿಪ್ಟೊ ಮೈನರ್‌ಗಳ ಚಾಳಿ. ನೋಡುವವರು ಬಂದರೆಂದು ಗೊತ್ತಾದರೆ ಅವು ಕೆಲಸ ನಿಲ್ಲಿಸಿ ಅಡಗುತ್ತವೆ.

ನೆಟ್ ತೆಗೆಯಿರಿ, ಪಾಸ್‌ವರ್ಡ್ ಬದಲಿಸಿ

ಅನುಮಾನ ಗಟ್ಟಿಯಾದರೆ ಮೊದಲು ವೈಫೈ ಆಫ್ ಮಾಡಿ ಅಥವಾ ಲ್ಯಾನ್ ಕೇಬಲ್ ಕಿತ್ತುಬಿಡಿ. ಬ್ಯಾಕಪ್ ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದರೆ ಅದನ್ನೂ ತೆಗೆಯಿರಿ.

ಆಮೇಲೆ ಸ್ಕ್ಯಾನಿಗೆ ಕೂರುವ ಮುಂಚೆ ಫೋನ್ ಕೈಗೆತ್ತಿಕೊಳ್ಳಿ. ಈಗ ಹೆಚ್ಚು ಕಾಡುತ್ತಿರುವುದು ಇನ್ಫೊಸ್ಟೀಲರ್ ಎಂಬ ಜಾತಿಯ ಕೆಡುಕಿನ ಸಾಫ್ಟ್‌ವೇರ್, ಅಂದರೆ ಮಾಲ್‌ವೇರ್. ರೆಡ್‌ಲೈನ್, ಲುಮ್ಮಾ ಇವೆಲ್ಲ ಅದರ ಹೆಸರುಗಳು. ಅದು ಫೈಲುಗಳನ್ನು ಕೆಡಿಸುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಕುಕಿಗಳನ್ನೂ (ನೀವು ಲಾಗಿನ್ ಆಗಿದ್ದೀರೆಂದು ಸೈಟಿಗೆ ನೆನಪಿಸುವ ಪುಟ್ಟ ಗುರುತುಗಳು) ಗಂಟುಕಟ್ಟಿ ಕ್ಷಣಗಳಲ್ಲಿ ಕಳಿಸಿಬಿಡುತ್ತದೆ. ಕುಕಿ ಕೈಗೆ ಸಿಕ್ಕರೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ನೀವು ಮೊದಲೇ ಲಾಗಿನ್ ಆಗಿರುವ ಖಾತೆಯೊಳಗೆ ನೇರವಾಗಿ ಕೂರುತ್ತಾನೆ. ಹಾಗಾಗಿ ಫೋನಿನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಯಾಕೆಂದರೆ ಉಳಿದ ಖಾತೆಗಳ ರಿಸೆಟ್ ಲಿಂಕುಗಳೆಲ್ಲ ಬರುವುದು ಅಲ್ಲಿಗೇ. ಜೊತೆಗೆ ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ‘ಯುವರ್ ಡಿವೈಸಸ್’ ತೆರೆದು ಸೋಂಕಿತ ಕಂಪ್ಯೂಟರನ್ನೂ ಗುರುತಿಲ್ಲದ ಸಾಧನಗಳನ್ನೂ ಸೈನ್ ಔಟ್ ಮಾಡಿ. ಇದನ್ನು ಮರೆತರೆ ಕದ್ದ ಕುಕಿ ಇನ್ನೂ ಕೆಲಸ ಮಾಡುತ್ತಿರಬಹುದು. ನಂತರ ಬ್ಯಾಂಕು, ಆಮೇಲೆ ಉಳಿದವು. ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್‌ನಿಂದಲೂ ಆ ಕಂಪ್ಯೂಟರನ್ನು ತೆಗೆಯಿರಿ. ಇವೆಲ್ಲ ಸೋಂಕಿಲ್ಲದ ಸಾಧನದಿಂದಲೇ ಆಗಬೇಕು. ಅದೇ ಕಂಪ್ಯೂಟರಿನಲ್ಲಿ ಕೂತು ಬದಲಿಸಿದರೆ ಹೊಸ ಪಾಸ್‌ವರ್ಡನ್ನೂ ಕೈಯಾರೆ ಕೊಟ್ಟಂತೆ.

ಖಾತೆಯಿಂದ ಹಣ ಹೋಗಿದ್ದರೆ ಸ್ಕ್ಯಾನ್ ಗೀನ್ ಎಲ್ಲ ಬದಿಗಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ದಾಟುವ ಮುಂಚೆ ತಡೆಯುವ ಅವಕಾಶ ಇರುವುದು ಮೊದಲ ಗಂಟೆಗಳಲ್ಲೇ.

ಸ್ಕ್ಯಾನ್: ಮೊದಲು ಎಕ್ಸ್‌ಕ್ಲೂಶನ್, ಆಮೇಲೆ ಆಫ್‌ಲೈನ್

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು. ಆದರೆ ಅದನ್ನು ಓಡಿಸುವ ಮುಂಚೆ ಒಂದು ಜಾಗ ನೋಡಲೇಬೇಕು. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಮ್ಯಾನೇಜ್ ಸೆಟ್ಟಿಂಗ್ಸ್, ಪುಟದ ತೀರಾ ಕೆಳಗೆ ಎಕ್ಸ್‌ಕ್ಲೂಶನ್ಸ್. ‘ಇಲ್ಲಿ ನೋಡಬೇಡ’ ಎಂದು ಡಿಫೆಂಡರಿಗೆ ಹೇಳುವ ಪಟ್ಟಿ ಅದು. ಒಳಬಂದ ಮಾಲ್‌ವೇರ್ ಮೊದಲು ಮಾಡುವ ಕೆಲಸಗಳಲ್ಲಿ ಒಂದು, ತಾನಿರುವ ಫೋಲ್ಡರನ್ನೋ ಇಡೀ ಸಿ ಡ್ರೈವನ್ನೋ ಈ ಪಟ್ಟಿಗೆ ಸೇರಿಸುವುದು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕುವಾಗ ‘ಆ್ಯಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ ಪಾಲಿಸಿ ನೀವೇ ಸೇರಿಸಿರಲೂಬಹುದು. ಪಟ್ಟಿಯಲ್ಲಿ ಇರುವುದನ್ನೆಲ್ಲ ತೆಗೆಯಿರಿ. ತೆಗೆಯದಿದ್ದರೆ ಗಂಟೆಗಟ್ಟಲೆ ಸ್ಕ್ಯಾನ್ ಮಾಡಿ ‘ಏನೂ ಇಲ್ಲ’ ಎಂಬ ಉತ್ತರ ಪಡೆದು ನೆಮ್ಮದಿಯಾಗಿ ಮಲಗುತ್ತೀರಿ. ಅದೇ ಪುಟದಲ್ಲಿ ರಿಯಲ್ ಟೈಮ್ ಪ್ರೊಟೆಕ್ಷನ್ ಮತ್ತು ಟ್ಯಾಂಪರ್ ಪ್ರೊಟೆಕ್ಷನ್ ಎರಡೂ ಆನ್ ಇರಲಿ.

ಈಗ ಐದು ನಿಮಿಷಕ್ಕೆ ನೆಟ್ ಕೊಟ್ಟು ಪ್ರೊಟೆಕ್ಷನ್ ಅಪ್‌ಡೇಟ್ಸ್ ಒತ್ತಿ, ಹೊಸ ಮಾಹಿತಿ ಇಳಿದ ಮೇಲೆ ಮತ್ತೆ ನೆಟ್ ತೆಗೆದು, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಫುಲ್ ಸ್ಕ್ಯಾನ್ ಕೊಡಿ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಇದು ಹಲವು ಗಂಟೆ ಹಿಡಿಯಬಹುದು. ಲ್ಯಾಪ್‌ಟಾಪಾದರೆ ಚಾರ್ಜರ್ ಸಿಕ್ಕಿಸಿ, ಸ್ಲೀಪ್ ಆಗದಂತೆ ಮಾಡಿ ಬಿಡಿ.

ಅದು ಮುಗಿದ ಮೇಲೆ ಅದೇ ಪಟ್ಟಿಯ ಕೊನೆಯಲ್ಲಿರುವ ಆಫ್‌ಲೈನ್ ಸ್ಕ್ಯಾನ್. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ನಿಮ್ಮ ವಿಂಡೋಸ್ ಏಳುವ ಮುಂಚೆಯೇ ಪುಟ್ಟದೊಂದು ಪ್ರತ್ಯೇಕ ಪರಿಸರದಲ್ಲಿ ಸುಮಾರು 15 ನಿಮಿಷ ಸ್ಕ್ಯಾನ್ ನಡೆಯುತ್ತದೆ. ವಿಂಡೋಸ್ ಓಡುತ್ತಿದ್ದಾಗ ಅಡಗಿ ಕೂರುವ ರೂಟ್‌ಕಿಟ್ ಜಾತಿಯವು ಈ ಹೊತ್ತಿನಲ್ಲಿ ಬರೀ ಸತ್ತ ಫೈಲು. ಅಡಗಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಒಂದು ಎಚ್ಚರಿಕೆ: ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ ಲ್ಯಾಪ್‌ಟಾಪುಗಳು ಈ ಹಂತದಲ್ಲಿ ಅಥವಾ ಸೇಫ್ ಮೋಡಿಗೆ ಹೋಗುವಾಗ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಫೋನಿನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಸ್ಕ್ಯಾನಿನ ಫಲಿತಾಂಶ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಸಿಗುತ್ತದೆ.

ಡಿಫೆಂಡರ್ ತೆರೆಯುವುದೇ ಇಲ್ಲವೆಂದರೆ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಸೈಟಿನಿಂದ ಸೇಫ್ಟಿ ಸ್ಕ್ಯಾನರ್ ಇಳಿಸಿಕೊಂಡು ಬನ್ನಿ. ಇಳಿಸಿದ 10 ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಕಳೆದ ವರ್ಷದ ಪ್ರತಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಸೋಂಕಿತ ಯಂತ್ರದಲ್ಲಿ ಶಿಫ್ಟ್ ಕೀ ಒತ್ತಿಹಿಡಿದು ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಪಿನ್ ಒಪ್ಪದೇ ಖಾತೆಯ ಪಾಸ್‌ವರ್ಡೇ ಕೇಳುವುದುಂಟು, ಅದು ನೆನಪಿರಲಿ. ಸೇಫ್ಟಿ ಸ್ಕ್ಯಾನರ್ ಓಡುವಾಗ ‘ಸೋಂಕಿತ ಫೈಲು: 12’ ಎಂದು ತೋರಿಸಿ ಕೊನೆಯಲ್ಲಿ ‘ಯಾವುದೂ ಸಿಗಲಿಲ್ಲ’ ಎಂದರೆ ಗಾಬರಿ ಬೇಡ. ನಡುವಿನ ಲೆಕ್ಕ ಬರೀ ಅನುಮಾನದ್ದು, ಕೊನೆಯ ತೀರ್ಪೇ ಸರಿ.

ಎರಡನೇ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಒಳ್ಳೆಯದು, ಜಾಹೀರಾತು ತುರುಕುವ ಆ್ಯಡ್‌ವೇರ್‌ಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಅಡಿಯಲ್ಲಿ 2017ರ ಫೆಬ್ರುವರಿಯಲ್ಲಿ ಆರಂಭವಾದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲೂ ಬಾಟ್ (ದೂರದ ಕಳ್ಳನ ಆದೇಶದಂತೆ ಕುಣಿಯುವ ಮಾಲ್‌ವೇರ್) ತೆಗೆಯುವ ಉಚಿತ ಟೂಲುಗಳು ಸಿಗುತ್ತವೆ. ಆದರೆ ಸದಾ ಕಾವಲು ಕಾಯುವ ಎರಡು ಆ್ಯಂಟಿವೈರಸ್‌ಗಳನ್ನು ಒಟ್ಟಿಗೆ ಇಡಬೇಡಿ. ಒಂದು ಮುಟ್ಟಿದ ಫೈಲನ್ನು ಇನ್ನೊಂದು ತಡೆಯುತ್ತ, ಯಂತ್ರ ತೆವಳತೊಡಗುತ್ತದೆ.

ಎಬ್ಬಿಸುವ ಕೊಂಡಿ ಹುಡುಕುವುದು

ಸ್ಕ್ಯಾನ್ ಮುಗಿದ ಮೇಲೆ ಹೆಚ್ಚಿನವರು ಕೈಬಿಡುವುದು ಇಲ್ಲೇ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ವಿಭಾಗದ ಆಟೋರನ್ಸ್ ಎಂಬ ಉಚಿತ ಟೂಲ್ ಇಳಿಸಿ, ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ವಿಂಡೋಸ್ ಜೊತೆ ತಾನಾಗಿ ಏಳುವ ಪ್ರತಿಯೊಂದನ್ನೂ ಅದು ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ. ಆಪ್ಷನ್ಸ್‌ನಲ್ಲಿ ‘ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್’ ಒತ್ತಿದರೆ ಸಾವಿರಾರು ಸಾಲು ಕೆಲವು ಡಜನ್ನಿಗೆ ಇಳಿಯುತ್ತವೆ. ಗುಲಾಬಿ ಬಣ್ಣದ ಸಾಲು ಎಂದರೆ ತಯಾರಕರ ಹೆಸರೋ ಸರಿಯಾದ ಡಿಜಿಟಲ್ ಸಹಿಯೋ ಇಲ್ಲ. ಹಳದಿ ಎಂದರೆ ಹೇಳಿದ ಜಾಗದಲ್ಲಿ ಫೈಲೇ ಇಲ್ಲ. ಆ್ಯಂಟಿವೈರಸ್ ಈಗಾಗಲೇ ಅಳಿಸಿದ ವೈರಸ್ಸಿನ ಉಳಿಕೆ ಹಲವು ಸಲ ಹೀಗೆ ಕಾಣಿಸುತ್ತದೆ.

ಬಣ್ಣಕ್ಕಿಂತ ದಾರಿಯನ್ನು, ಅಂದರೆ ಫೈಲ್ ಇರುವ ಜಾಗವನ್ನು ಓದಿ. ಆ್ಯಪ್‌ಡೇಟಾ ಒಳಗಿನ ರೋಮಿಂಗ್, ಟೆಂಪ್, ಪ್ರೋಗ್ರಾಂಡೇಟಾ ಫೋಲ್ಡರುಗಳಲ್ಲಿ ಅರ್ಥವಿಲ್ಲದ ಅಕ್ಷರಗಳ ಹೆಸರಿನ ಫೈಲು ಕಂಡರೆ ಅನುಮಾನಿಸಿ. ‘ಎಸ್‌ವಿಸಿಹೋಸ್ಟ್’ ಎಂಬ ಅಸಲಿ ವಿಂಡೋಸ್ ಫೈಲು ಸಿಸ್ಟಮ್32 ಫೋಲ್ಡರಿನಲ್ಲಿರುತ್ತದೆ. ಅದೇ ಹೆಸರು ಟೆಂಪ್ ಫೋಲ್ಡರಿನಲ್ಲಿ ಇದ್ದರೆ, ಅಥವಾ ಹೆಸರಿನಲ್ಲಿ ಒಂದಕ್ಷರ ಕಮ್ಮಿ ಇದ್ದರೆ, ಅದು ವೇಷ. ಇನ್ನೊಂದು ಬಗೆ ಇನ್ನೂ ಜಾಣತನದ್ದು: ಓಡುವುದು ಡಬ್ಲ್ಯುಸ್ಕ್ರಿಪ್ಟ್, ಪವರ್‌ಶೆಲ್, ಎಂಎಸ್‌ಎಚ್‌ಟಿಎ ಎಂಬ ಮೈಕ್ರೋಸಾಫ್ಟ್‌ನ ಸ್ವಂತ ಪ್ರೋಗ್ರಾಮುಗಳೇ, ಅವಕ್ಕೆ ಕೊಟ್ಟ ಆದೇಶ ಮಾತ್ರ ಕಳ್ಳನದು. ಇವು ಅವಿತಿರುವುದು ಹೆಚ್ಚಾಗಿ ಟಾಸ್ಕ್ ಶೆಡ್ಯೂಲರಿನಲ್ಲಿ. ಅದನ್ನು ಪ್ರತ್ಯೇಕವಾಗಿ ತೆರೆದು, ಪ್ರತಿ ಹತ್ತು ನಿಮಿಷಕ್ಕೋ ಲಾಗಿನ್ ಆದಾಗಲೋ ಓಡುವ ಗುರುತಿಲ್ಲದ ಟಾಸ್ಕಿನ ‘ಆ್ಯಕ್ಷನ್ಸ್’ ಟ್ಯಾಬ್ ಓದಿ.

ಆಟೋರನ್ಸ್‌ನಲ್ಲಿ ಅನುಮಾನದ ಸಾಲಿನ ಮುಂದಿನ ಟಿಕ್ ಮಾತ್ರ ತೆಗೆಯಿರಿ, ಡಿಲೀಟ್ ಬೇಡ. ರೀಸ್ಟಾರ್ಟ್ ಮಾಡಿ ನೋಡಿ. ಎಲ್ಲ ಸರಿಯಿದ್ದರೆ ಎರಡು ದಿನ ಬಿಟ್ಟು ಅಳಿಸಿ. ಪ್ರಿಂಟರಿನದೋ ಟಚ್‌ಪ್ಯಾಡಿನದೋ ಡ್ರೈವರ್ ಆಗಿದ್ದರೆ ಮತ್ತೆ ಟಿಕ್ ಹಾಕಿದರಾಯಿತು. ‘ಯೂಸರ್‌ಇನಿಟ್’ ಮತ್ತು ‘ಶೆಲ್’ ಎಂಬ ಎರಡು ಸಾಲುಗಳಲ್ಲಿ ಮಾತ್ರ ದುಪ್ಪಟ್ಟು ಜೋಪಾನ. ಮೊದಲನೆಯದರಲ್ಲಿ ಅಸಲಿಗೆ ಇರಬೇಕಾದದ್ದು ಸಿಸ್ಟಮ್32 ಫೋಲ್ಡರಿನ ಯೂಸರ್‌ಇನಿಟ್ ಫೈಲು, ಎರಡನೆಯದರಲ್ಲಿ ಎಕ್ಸ್‌ಪ್ಲೋರರ್. ವೈರಸ್ ತನ್ನ ಹೆಸರನ್ನು ಅವುಗಳ ಪಕ್ಕ ಸೇರಿಸಿರುತ್ತದೆ. ಸೇರಿಸಿದ್ದನ್ನಷ್ಟೇ ತೆಗೆಯಬೇಕು, ಇಡೀ ಸಾಲು ತೆಗೆದರೆ ಲಾಗಿನ್ ಆದ ತಕ್ಷಣ ಲಾಗೌಟ್ ಆಗುತ್ತ ಕೂರುತ್ತದೆ.

ಶಾರ್ಟ್‌ಕಟ್ ಆದ ಪೆನ್‌ಡ್ರೈವ್

ಕಂಪ್ಯೂಟರ್ ಶುದ್ಧವಾಗುವ ಮುಂಚೆ ಪೆನ್‌ಡ್ರೈವ್ ಸರಿಮಾಡಲು ಹೋಗಬೇಡಿ. ಡಬ್ಲ್ಯುಸ್ಕ್ರಿಪ್ಟ್ ಓಡುತ್ತಿದ್ದರೆ ನೀವು ಅಳಿಸಿದ ಶಾರ್ಟ್‌ಕಟ್‌ಗಳು ಕೆಲವೇ ಸೆಕೆಂಡಿನಲ್ಲಿ ಮತ್ತೆ ಹುಟ್ಟುತ್ತವೆ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಟ್ಯಾಬಿನಲ್ಲಿ ಅದನ್ನು ಎಂಡ್ ಟಾಸ್ಕ್ ಮಾಡಿ, ಸ್ಟಾರ್ಟ್‌ಅಪ್ ಫೋಲ್ಡರಿನಲ್ಲೂ ರೋಮಿಂಗ್‌ನಲ್ಲೂ ಇರುವ ವಿಬಿಎಸ್ ಎಂಬ ಬಾಲದ ಸ್ಕ್ರಿಪ್ಟ್ ಫೈಲನ್ನು ಅಳಿಸಿ, ರೀಸ್ಟಾರ್ಟ್ ಮಾಡಿ, ಆಮೇಲೆ ಪೆನ್‌ಡ್ರೈವ್ ಹಾಕಿ.

ನಿಮ್ಮ ಫೈಲುಗಳು ಎಲ್ಲೂ ಹೋಗಿರುವುದಿಲ್ಲ. ವೈರಸ್ ಅವಕ್ಕೆ ಹಿಡನ್ ಮತ್ತು ಸಿಸ್ಟಮ್ ಎಂಬ ಗುರುತು ಹಚ್ಚಿ ಮರೆಮಾಡಿದೆ ಅಷ್ಟೆ. ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪೆನ್‌ಡ್ರೈವಿನ ಅಕ್ಷರ ಇ ಆಗಿದ್ದರೆ ಇಂಗ್ಲಿಷಿನಲ್ಲಿ ಇ, ಅದಕ್ಕೆ ಅಂಟಿಸಿ ಕೋಲನ್, ಎಂಟರ್. ಈಗ ಸಾಲಿನ ಆರಂಭದಲ್ಲಿ ಇ ಕಾಣುತ್ತಿದೆಯೇ ನೋಡಿಕೊಳ್ಳಿ. ಸಿ ಇದ್ದರೆ ಮುಂದುವರಿಯಬೇಡಿ, ವಿಂಡೋಸ್‌ನ ಸ್ವಂತ ಫೈಲುಗಳ ಗುರುತುಗಳೇ ಅಳಿಸಿಹೋಗುತ್ತವೆ. ಸರಿಯಿದ್ದರೆ ಎ-ಟಿ-ಟಿ-ಆರ್-ಐ-ಬಿ ಎಂದು ಟೈಪಿಸಿ, ಒಂದೊಂದರ ನಡುವೆ ಜಾಗ ಬಿಟ್ಟು ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಮತ್ತೆ ಜಾಗ ಬಿಟ್ಟು ನಕ್ಷತ್ರ-ಚುಕ್ಕಿ-ನಕ್ಷತ್ರ, ಆಮೇಲೆ ಓರೆಗೆರೆ (/) ಎಸ್, ಜಾಗ ಬಿಟ್ಟು ಓರೆಗೆರೆ ಡಿ, ಎಂಟರ್. ಫೋಲ್ಡರುಗಳು ಮರಳಿ ಕಾಣುತ್ತವೆ. ಕೆಲವೊಮ್ಮೆ ಹೆಸರೇ ಇಲ್ಲದ ಒಂದು ಫೋಲ್ಡರ್ ಎದ್ದು ಬರುತ್ತದೆ, ನಿಮ್ಮದೆಲ್ಲ ಅದರೊಳಗಿರುತ್ತದೆ. ಡಾಕ್ಯುಮೆಂಟು, ಫೋಟೊಗಳನ್ನು ಮಾತ್ರ ಕಂಪ್ಯೂಟರಿಗೆ ಕಾಪಿ ಮಾಡಿ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಡಿ.

ಬ್ರೌಸರ್ ಮತ್ತು ನೆಟ್ ದಾರಿ

ಗುರುತಿಲ್ಲದ ಎಕ್ಸ್‌ಟೆನ್ಶನ್‌ಗಳನ್ನು ತೆಗೆಯಿರಿ, ಬ್ರೌಸರನ್ನು ರಿಸೆಟ್ ಮಾಡಿ. ಎಕ್ಸ್‌ಟೆನ್ಶನ್ ತೆಗೆಯಲು ಬಿಡದೆ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು ತೋರಿಸಿದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯ ಪಾಲಿಸೀಸ್ ವಿಭಾಗದಲ್ಲಿ ಯಾರೋ ಕಟ್ಟುಹಾಕಿದ್ದಾರೆ. ಮೊದಲು ಮಾಲ್‌ವೇರ್‌ಬೈಟ್ಸ್‌ನದೇ ಉಚಿತ ಟೂಲ್ ಆ್ಯಡ್‌ಕ್ಲೀನರ್ (AdwCleaner) ಓಡಿಸಿ ನೋಡಿ. ಸೆಟ್ಟಿಂಗ್ಸ್‌ನ ಪ್ರಾಕ್ಸಿ (ನಿಮ್ಮ ನೆಟ್ ಬಳಕೆಯನ್ನು ನಡುವಿನ ಇನ್ನೊಂದು ಕಂಪ್ಯೂಟರಿನ ಮೂಲಕ ಸಾಗಿಸುವ ಏರ್ಪಾಡು) ಪುಟದಲ್ಲಿ ನೀವು ಹಾಕದ ವಿಳಾಸ ಇದ್ದರೆ ಆಫ್ ಮಾಡಿ. ವೈರಸ್ ತೆಗೆದ ಮೇಲೆ ನೆಟ್ ನಿಂತುಹೋಯಿತು ಎನ್ನುವವರು ಮೊದಲು ನೋಡಬೇಕಾದದ್ದೂ ಇದೇ ಪುಟ. ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಆಟೋಮ್ಯಾಟಿಕ್ ಇರಲಿ. ಮನೆಯ ಫೋನುಗಳಲ್ಲೂ ಸೈಟುಗಳು ಎತ್ತಲೋ ತಿರುಗುತ್ತಿದ್ದರೆ ಕೆಟ್ಟಿರುವುದು ರೌಟರ್. ಅದನ್ನು ಫ್ಯಾಕ್ಟರಿ ರಿಸೆಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ಫಾರ್ಮ್ಯಾಟ್ ಮಾಡಲೇಬೇಕಾದ ಸಂದರ್ಭ

ಸ್ಕ್ಯಾನ್‌ನಲ್ಲಿ ಸಾಲಿಟಿ, ರಾಮ್ನಿಟ್ ಎಂಬ ಹೆಸರು ಬಂದು ನೂರಾರು ಇಎಕ್ಸ್‌ಇ ಫೈಲುಗಳು ಸೋಂಕಿತವೆಂದು ತೋರಿಸಿದರೆ ಶುದ್ಧ ಮಾಡುತ್ತ ಕೂರಬೇಡಿ. ಇವು ಪ್ರತಿಯೊಂದು ಪ್ರೋಗ್ರಾಮಿನೊಳಗೂ ತಮ್ಮ ತುಣುಕನ್ನು ಹೊಲಿದುಬಿಡುತ್ತವೆ. ಒಂದು ಉಳಿದರೂ ಮತ್ತೆ ಹರಡುತ್ತದೆ. ಇನ್ಫೊಸ್ಟೀಲರ್ ಸಿಕ್ಕ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರಿಗೂ, ಯಾರಿಗೋ ರಿಮೋಟ್ ಹಿಡಿತ ಕೊಟ್ಟವರಿಗೂ ನಮ್ಮ ಸಲಹೆ ಫಾರ್ಮ್ಯಾಟೇ.

ಫೈಲುಗಳ ಕೊನೆಗೆ ವಿಚಿತ್ರ ಬಾಲ ಅಂಟಿ, ಹಣ ಕೇಳುವ ಪತ್ರ ಕಂಡರೆ ಅದು ಫೈಲುಗಳಿಗೆ ಬೀಗ ಹಾಕುವ ರ್‍ಯಾನ್ಸಮ್‌ವೇರ್. ಫಾರ್ಮ್ಯಾಟ್ ಮಾಡುವ ಮುಂಚೆ ಆ ಫೈಲುಗಳನ್ನೂ ಪತ್ರವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಳ್ಳಿ. ಯುರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಕಂಪನಿಗಳ ಜೊತೆ 2016ರಲ್ಲಿ ಶುರುಮಾಡಿದ ‘ನೋ ಮೋರ್ ರ್‍ಯಾನ್ಸಮ್’ ತಾಣದಲ್ಲಿ ಉಚಿತ ಬೀಗದಕೈ ಇದೆಯೇ ಹುಡುಕಬಹುದು. ಕ್ರ್ಯಾಕ್ ಸಾಫ್ಟ್‌ವೇರ್ ಜೊತೆ ಬರುವ ಸ್ಟಾಪ್/ಡಿಜೆವಿಯು ಜಾತಿಯಲ್ಲಿ ಪತ್ರದ ಪರ್ಸನಲ್ ಐಡಿ ‘ಟಿ1’ ಎಂದು ಮುಗಿದರೆ ಆಫ್‌ಲೈನ್ ಕೀ ಬಳಸಿದೆ ಎಂದರ್ಥ, ಬಿಡಿಸುವ ಆಸೆ ಇಟ್ಟುಕೊಳ್ಳಬಹುದು. ಇಂದು ಕೀ ಇಲ್ಲದಿದ್ದರೂ ಮುಂದೊಂದು ದಿನ ಸಿಕ್ಕೀತು, ಆದ್ದರಿಂದ ಫೈಲುಗಳನ್ನು ಎಸೆಯಬೇಡಿ.

ಬ್ಯಾಕಪ್‌ಗೆ ಡಾಕ್ಯುಮೆಂಟ್, ಫೋಟೊ, ವಿಡಿಯೊ, ಲೆಕ್ಕಪತ್ರದ ಡೇಟಾ ಸಾಕು. ಇಎಕ್ಸ್‌ಇ, ಎಸ್‌ಸಿಆರ್, ವಿಬಿಎಸ್, ಶಾರ್ಟ್‌ಕಟ್, ಹಳೆಯ ಸೆಟಪ್ ಫೈಲು ಯಾವುದೂ ಬೇಡ. ವಿಂಡೋಸ್‌ನ ‘ರಿಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವ್ರಿಥಿಂಗ್’ ಜೊತೆ ‘ಕ್ಲೌಡ್ ಡೌನ್‌ಲೋಡ್’ ಆರಿಸಿದರೆ ಸುಮಾರು 4 ಜಿಬಿ ಇಳಿಯುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನ ಹಾಟ್‌ಸ್ಪಾಟ್ ನಂಬಿ ಕೂತರೆ ನಡುವೆಯೇ ನಿಲ್ಲುತ್ತದೆ. ಅದಕ್ಕಿಂತ ಒಳ್ಳೆಯದು, ಶುದ್ಧವಿರುವ ಇನ್ನೊಂದು ಕಂಪ್ಯೂಟರಿನಲ್ಲಿ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ತುಂಬಿಸಿಕೊಂಡು, ಅದರಿಂದ ಬೂಟ್ ಮಾಡಿ, ಹಳೆಯ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ, ವಿಂಡೋಸನ್ನು ಹೊಸದಾಗಿ ಹಾಕುವುದು. ಅದೇ ಮದರ್‌ಬೋರ್ಡಾದರೆ ಡಿಜಿಟಲ್ ಲೈಸೆನ್ಸ್ ಇರುವ ವಿಂಡೋಸ್ ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಫಾರ್ಮ್ಯಾಟ್ ಆದ ಮೇಲೆ ಹಳೆಯ ಕನ್ನಡ ವರ್ಡ್ ಫೈಲು ತೆರೆದು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದಂತೆ ಕಂಡರೆ ವೈರಸ್ ತಿಂದಿತೆಂದು ಕಂಗೆಡಬೇಡಿ. ಯೂನಿಕೋಡಿಗೆ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾದ ಫೈಲು ಅದು, ಫಾಂಟ್ ಹಾಕಿದ ಕೂಡಲೇ ಸರಿಯಾಗುತ್ತದೆ. ಆದರೆ ನುಡಿಯ ಸೆಟಪ್ಪನ್ನು ಹಳೆಯ ಡಿಸ್ಕಿನಿಂದ ತರದೆ ಹೊಸದಾಗಿ ಅದರ ಅಸಲಿ ತಾಣದಿಂದಲೇ ಇಳಿಸಿಕೊಳ್ಳಿ.

ಮತ್ತೆ ಬರದಂತೆ

ದಿನಬಳಕೆಗೆ ಸ್ಟ್ಯಾಂಡರ್ಡ್ ಯೂಸರ್ ಖಾತೆ ಮಾಡಿಕೊಳ್ಳಿ, ಅಡ್ಮಿನ್ ಖಾತೆಯನ್ನು ಇನ್‌ಸ್ಟಾಲ್ ಮಾಡಲು ಮಾತ್ರ ಇಡಿ. ಫೈಲ್ ಎಕ್ಸ್‌ಪ್ಲೋರರಿನ ವ್ಯೂನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಆನ್ ಮಾಡಿ. ಆಗ ಪಿಡಿಎಫ್ ಚಿತ್ರ ಹೊತ್ತ ಇಎಕ್ಸ್‌ಇ ಫೈಲಿನ ನಿಜ ಬಾಲ ಕಾಣುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಒಪ್ಪಿದರೆ 11ಕ್ಕೆ ಹೋಗಿ.

‘ನೀವು ರೋಬಾಟ್ ಅಲ್ಲವೆಂದು ತೋರಿಸಿ’ ಎನ್ನುವ ಪುಟವೊಂದು ವಿಂಡೋಸ್ ಕೀ ಜೊತೆ ಆರ್, ಆಮೇಲೆ ಕಂಟ್ರೋಲ್ ವಿ, ಎಂಟರ್ ಒತ್ತಲು ಹೇಳಿದರೆ ಆ ಟ್ಯಾಬ್ ಮುಚ್ಚಿ. ಅಸಲಿ ಕ್ಯಾಪ್ಚಾ ಯಾವುದೂ ಹಾಗೆ ಕೇಳುವುದಿಲ್ಲ. ಪುಟವೇ ಕ್ಲಿಪ್‌ಬೋರ್ಡಿಗೆ ಹಾಕಿಟ್ಟ ಪವರ್‌ಶೆಲ್ ಆದೇಶವನ್ನು ನಿಮ್ಮ ಕೈಯಿಂದಲೇ ಓಡಿಸುವ ಉಪಾಯ ಅದು. ಬ್ಯಾಕಪ್ ಡಿಸ್ಕನ್ನು ಕಾಪಿ ಆದ ಕೂಡಲೇ ಕಿತ್ತು ಒಳಗಿಡಿ. ಅಂಗಡಿಗೆ ಒಯ್ಯಲೆಂದೇ ಒಂದು ಚಿಕ್ಕ ಪೆನ್‌ಡ್ರೈವ್ ಬೇರೆ ಇರಲಿ. ಪ್ರಿಂಟ್ ಆಗಬೇಕಾದ ಪಿಡಿಎಫ್ ಬಿಟ್ಟು ಬೇರೇನೂ ಅದರಲ್ಲಿ ಇಡಬೇಡಿ. ಮನೆಗೆ ಬಂದ ಮೇಲೆ ಡ್ರೈವಿನ ಒಳಗೆ ಏನನ್ನೂ ಕ್ಲಿಕ್ ಮಾಡದೆ, ‘ದಿಸ್ ಪಿಸಿ’ಯಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ನೇರವಾಗಿ ಫಾರ್ಮ್ಯಾಟ್ ಕೊಡಿ.